ತಾಯಿ ಕೊಟ್ಟ ಬೆರಳು

ಕೋಲಾರ ತಾಲ್ಲೂಕಿನ ವೇಮಗಲ್ ಸಮೀಪದ ಸೀತಿಬೆಟ್ಟದ ಮೇಲೆ ಭೈರವನ ಗುಡಿಯಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಎಷ್ಟೋ ಒಕ್ಕಲು ಮನೆಗಳಿಗೆ ಭೈರವನೇ ಮನೆದೇವರು. 19ನೇ ಶತಮಾನದಲ್ಲಿ ಈ ಸೀಮೆಯ ಮೊರಸು ಒಕ್ಕಲಿಗರ ಒಂದು ಪಂಗಡದ ತಾಯಂದಿರು ಈ ದೇವರಿಗೆ ತಮ್ಮ ಬೆರಳನ್ನೇ ಕೊಡುತ್ತಿದ್ದರು. ಆ ಪಂಗಡಕ್ಕೆ ಬೆರಳು ಕೊಡುವವರು ಎಂದೇ ಹೆಸರಿತ್ತು. ಹಿರಿಯ ಮಗಳ ನಿಶ್ಚಯಕ್ಕೆ ಮುಂಚೆ ಅವಳ ಕಿವಿ ಚುಚ್ಚಿಸಬೇಕು. ಕಿವಿ ಚುಚ್ಚಿಸುವುದಕ್ಕೂ ಮುಂಚೆ ತಾಯಿ ಬಲಗೈ ಚಾಚಬೇಕು. ಊರಿನ ಕಮ್ಮಾರ ಗೊತ್ತಾದ ಕೂಲಿ ಪಡೆದು, ಉಂಗುರದ ಬೆರಳು ಮತ್ತು ಕಿರುಬೆರಳಿನ ತುದಿಗೆಣ್ಣುಗಳನ್ನು ಉಳಿಯಿಂದ ಕಡಿಯುತ್ತಿದ್ದ. ಇದನ್ನು ಬರೆದವರೆಲ್ಲ ಕ್ರೂರ ಮೂಢನಂಬಿಕೆಗಳ ಪಟ್ಟಿಗೆ ಸೇರಿಸಿ ಮುಂದೆ ಹೋಗಿದ್ದಾರೆ. ಕ್ರೂರ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಈ ಪದ್ಧತಿ ಮೊದಲು ಸೇರಬೇಕಾದದ್ದು ಮಕ್ಕಳನ್ನು ಹೆತ್ತು ಉಳಿಸಿಕೊಳ್ಳುವ ಕಷ್ಟದ ಚರಿತ್ರೆಗೆ ಎಂಬುದು ನನ್ನ ವಾದ.

ಪರದೇಶದವರು ಕಟ್ಟಿದ ಕತೆಯಿದು, ಇಷ್ಟು ಘೋರವಾದದ್ದು ನಡೆದಿರಲಾರದು ಎನ್ನುವವರಿಗೆ ಮೊದಲು ಉತ್ತರ ಹೇಳಬೇಕು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದನ್ನು ಬರೆದುಕೊಂಡ. ಬಹುಕಾಲ ಇಲ್ಲೇ ನೆಲೆಸಿದ್ದ ಫ್ರೆಂಚ್ ಪಾದ್ರಿ ದ್ಯುಬುವಾ ಬರೆದ. ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸ ಗ್ರಂಥದಲ್ಲಿ ವಿವರವಾಗಿ ಹೇಳಿದ. 1897ರ ಗ್ಯಾಸೆಟಿಯರಿನಲ್ಲಿ ಬಿ. ಎಲ್. ರೈಸ್ ಅದನ್ನು ಮತ್ತೆ ದಾಖಲಿಸಿದ. ಇವರ ಮಾತುಗಳು ತಾಳೆಯಾಗದ ಕಡೆಗಳೂ ಇವೆ: ರೈಸ್ ಉಂಗುರದ ಬೆರಳು, ಕಿರುಬೆರಳು ಎಂದರೆ ದ್ಯುಬುವಾ ನಡುಬೆರಳು, ಉಂಗುರದ ಬೆರಳು ಎನ್ನುತ್ತಾನೆ. ನನಗಂತೂ ಈ ವ್ಯತ್ಯಾಸವೇ ನಂಬಿಕೆ ಹುಟ್ಟಿಸುತ್ತದೆ. ಎಲ್ಲರೂ ಒಬ್ಬನ ಬರಹವನ್ನೇ ನಕಲು ಮಾಡಿದ್ದರೆ ಬೆರಳುಗಳು ಹೀಗೆ ಅದಲುಬದಲಾಗುತ್ತಿರಲಿಲ್ಲ.

ಪಂಗಡದವರು ಇದಕ್ಕೆ ಹೇಳುತ್ತಿದ್ದ ಕಾರಣ ವೃಕಾಸುರನ ಕತೆ. ನಾವು ಭಸ್ಮಾಸುರ ಎನ್ನುವವನೇ ಅವನು. ತಲೆ ಮುಟ್ಟಿದರೆ ಸುಟ್ಟು ಬೂದಿಯಾಗುವ ವರ ಕೊಟ್ಟ ಶಿವ ತಾನೇ ಪೇಚಿಗೆ ಸಿಕ್ಕಿ ಓಡಿ ಬಂದು ಪೊದೆಯಲ್ಲಿ ಅಡಗಿದ. ಬೆನ್ನಟ್ಟಿ ಬಂದ ರಾಕ್ಷಸ ಅಲ್ಲೇ ಹೊಲ ಉಳುತ್ತಿದ್ದ ರೈತನನ್ನು ಕೇಳಿದ. ರೈತನಿಗೆ ಇಬ್ಬರ ಭಯವೂ ಇತ್ತು. ನೋಡಿಲ್ಲ ಎಂದು ಬಾಯಲ್ಲಿ ಹೇಳಿ, ಬೆರಳಲ್ಲಿ ಪೊದೆ ತೋರಿಸಿದ! ಮೋಹಿನಿ ಬಂದು ರಾಕ್ಷಸನನ್ನು ಮುಗಿಸಿದ ಮೇಲೆ ಶಿವ ಆ ಬೆರಳನ್ನು ಕಡಿಯಲು ನಿಂತ. ಅಷ್ಟರಲ್ಲಿ ಬುತ್ತಿ ತಂದ ಹೆಂಡತಿ ಕಾಲಿಗೆ ಬಿದ್ದಳು: ಇವನ ಕೈ ಹೋದರೆ ಬೇಸಾಯ ಹಾಳು, ನನ್ನ ಎರಡು ಬೆರಳು ತೆಗೆದುಕೋ. ಶಿವ ಒಪ್ಪಿದ, ಅವಳ ಹೆಣ್ಣುಸಂತತಿಯೂ ಹೀಗೇ ಕೊಡುತ್ತಿರಲಿ ಎಂದ. ಸಂಸಾರದ ಬವಣೆಯನ್ನೂ ನಗೆಯನ್ನೂ ಬಲ್ಲವರೇ ಈ ಕತೆ ಕಟ್ಟಿರಬೇಕು. ಜಾಣತನ ಮಾಡಲು ಹೋಗಿ ಸಿಕ್ಕಿಬೀಳುವ ಗಂಡ, ದೇವರೊಡನೆಯೇ ಚೌಕಾಸಿಗಿಳಿಯುವ ಹೆಂಡತಿ ಯಾವ ಊರಿಗೂ ಹೊಸಬರಲ್ಲ. ಆದರೆ ಕತೆಯ ಲೆಕ್ಕ ಮಾತ್ರ ತಪ್ಪು. ರಾಗಿ ಹೊಲದ ಕಳೆ ತೆಗೆಯುವ, ಬೀಸುವ, ಹಾಲು ಕರೆಯುವ, ಕೂಸನ್ನು ಎತ್ತುವ ಕೈಗೆ ಬೆರಳು ಬೇಡವೇ?

ಕತೆ ಹೇಳುವುದು ಗಂಡನ ಬೆರಳಿನ ವಿಷಯ. ಅದನ್ನು ನಂಬುವುದಾದರೆ ಮದುವೆಯಾದ ಹೆಣ್ಣೆಲ್ಲ, ಧಾರೆಯ ದಿನವೇ ಬೆರಳು ಕೊಡಬೇಕಾಗಿತ್ತು. ಹಾಗೆ ನಡೆಯಲಿಲ್ಲ, ಸಾಲ ವಸೂಲಾದದ್ದು ಅವಳು ತಾಯಿಯಾದ ಮೇಲೆ. ಇಲ್ಲಿ ಬುಕಾನನ್ ಮಾತಿಗೆ ಬೆಲೆ ಬರುತ್ತದೆ. ಅವನಿಗೆ ತಿಳಿದಂತೆ, ಹದಿನೈದು ಇಪ್ಪತ್ತರ ವಯಸ್ಸಿಗೆ ಒಂದೆರಡು ಮಕ್ಕಳನ್ನು ಹೆತ್ತ ಹೆಂಗಸು, ಮುನಿದ ಕಾಲಭೈರವ ಎಲ್ಲಿ ಆ ಕೂಸುಗಳನ್ನು ಕಿತ್ತುಕೊಳ್ಳುತ್ತಾನೋ ಎಂದು ಹೆದರಿ ಗುಡಿಗೆ ಹೋಗಿ ಬೆರಳು ಒಪ್ಪಿಸುತ್ತಿದ್ದಳು. ಸಿಡುಬಿಗೆ ಹಾಕಿಸಲು ಲಸಿಕೆ ಇಲ್ಲಿಗೆ ಇನ್ನೂ ಬಂದಿರದ ಕಾಲ ಅದು. ತೊಟ್ಟಿಲಿನ ಕೂಸು ನಡೆಯುವ ಮಗುವಾಗುತ್ತದೆಂಬ ಭರವಸೆ ಯಾವ ಮನೆಯಲ್ಲೂ ಇರಲಿಲ್ಲ. ಪಾಪುವಾದ ದಾನಿ ಜನರಲ್ಲಿ ಹೆಂಗಸರು ಬೆರಳು ಕಡಿಸಿಕೊಳ್ಳುತ್ತಿದ್ದದ್ದು ಸತ್ತವರ ದುಃಖಕ್ಕೆ. ನಮ್ಮ ತಾಯಂದಿರು ಕೊಟ್ಟದ್ದು ಬದುಕಿರುವ ಮಕ್ಕಳಿಗಾಗಿ, ಸಾವು ಬರುವ ಮುಂಚೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಹುಡುಗಿಗೆ ತಾಯಿ ಇಲ್ಲದಿದ್ದರೆ, ಮೊದಲೇ ಬೆರಳು ಕೊಟ್ಟಿರದ ಪಕ್ಷದಲ್ಲಿ ಗಂಡಿನ ತಾಯಿ ಕೊಡಬೇಕಿತ್ತು ಎಂದು ದ್ಯುಬುವಾನಿಂದಲೂ ಗ್ಯಾಸೆಟಿಯರಿನಿಂದಲೂ ತಿಳಿಯುತ್ತದೆ. ಹಾಗಾದರೆ ಇದು ಮಮತೆಯಲ್ಲ, ಕುಲದ ಕಟ್ಟುಪಾಡು ಎನ್ನಬಹುದು. ಕಟ್ಟುಪಾಡು ಹೌದು, ಒಪ್ಪುತ್ತೇನೆ. ಮನಸ್ಸಿಲ್ಲದೆ ಕೈ ಚಾಚಿದವರೂ ಇದ್ದಿರಲೇಬೇಕು, ಅವರ ನೋವನ್ನು ತ್ಯಾಗವೆಂದು ಹೊಗಳುವುದು ಅನ್ಯಾಯ. ಆದರೂ ಆ ಕಟ್ಟುಪಾಡು ಯಾರನ್ನು ಹುಡುಕಿತು ನೋಡಿ. ತಂದೆಯನ್ನಲ್ಲ, ಅಣ್ಣನನ್ನಲ್ಲ, ಇನ್ನು ಮುಂದೆ ಆ ಹುಡುಗಿಗೆ ತಾಯಿಯ ಜಾಗದಲ್ಲಿ ನಿಲ್ಲುವವಳನ್ನು. ಅತ್ತೆ ಬೆರಳು ಕೊಟ್ಟು ಸೊಸೆಯನ್ನು ತಂದುಕೊಂಡಳು.

ಕೊನೆಗೆ ಸರ್ಕಾರ ಇದನ್ನು ನಿಷೇಧಿಸಿತು, ನಿಷೇಧಿಸಿದ್ದು ಸರಿಯೇ. ಅದರಿಂದಲೇ ಎಲ್ಲವೂ ಮುಗಿಯಿತು ಎಂದರೆ ಮಾತ್ರ ಅರ್ಧ ಸತ್ಯ. ದೇವರ ಭಯ ಆಜ್ಞೆಯಿಂದ ಹೋಗುವಂಥದ್ದಲ್ಲ, ಕೂಸು ಮಲಗಿರುವ ಮನೆಯಲ್ಲಂತೂ ಅಲ್ಲವೇ ಅಲ್ಲ. ಮನೆಯವರು ತಾವೇ ದಾರಿ ಕಂಡುಕೊಂಡರು: ಬೆರಳಿಗೆ ಚಿನ್ನದ್ದೋ ಬೆಳ್ಳಿಯದೋ ಕುಪ್ಪಿಗೆ ತೊಡಿಸಿ, ಬೆರಳಿನ ಬದಲು ಅದನ್ನೇ ಕಳಚಿಕೊಂಡರು. ಕತೆಯ ಹೆಂಗಸು ಶಿವನೊಡನೆ ಶುರು ಮಾಡಿದ ಚೌಕಾಸಿಯನ್ನು ಅವಳ ಮೊಮ್ಮಕ್ಕಳು ಭೈರವನೊಡನೆ ಮುಂದುವರಿಸಿ ಗೆದ್ದರು. ಹರಕೆ ತಪ್ಪಲಿಲ್ಲ, ಮಗಳ ಕಿವಿಗೆ ಓಲೆಯೂ ಬಂತು, ತಾಯಿಯ ಕೈಗೆ ಐದು ಬೆರಳೂ ಉಳಿದವು.