ನಮ್ಮ ಬೆಂಗಳೂರು ಪ್ರಶಸ್ತಿ
ನಗರದ ಹಿತಕ್ಕಾಗಿ ದುಡಿದ ನಾಗರಿಕರು, ಸರ್ಕಾರಿ ಅಧಿಕಾರಿಗಳು, ಪತ್ರಕರ್ತರು ಮೊದಲಾದವರಿಗೆ ನಮ್ಮ ಬೆಂಗಳೂರು ಪ್ರತಿಷ್ಠಾನ 2009ರಿಂದ ನೀಡುತ್ತ ಬಂದ ಗೌರವ. ಹೆಸರುಗಳನ್ನು ಸಾರ್ವಜನಿಕರು ಸೂಚಿಸುತ್ತಾರೆ, ಆಯ್ಕೆ ತೀರ್ಪುಗಾರರದು. ‘ವರ್ಷದ ನಮ್ಮ ಬೆಂಗಳೂರಿಗ’ ಇದರ ಒಂದು ವಿಭಾಗ. ಪ್ರಶಸ್ತಿ ಹೆಚ್ಚು ಚರ್ಚೆಗೆ ಬಂದದ್ದು ಮಾತ್ರ ಒಂದು ನಿರಾಕರಣೆಯಿಂದ. ಬೆಂಗಳೂರಿನ ಪರಪ್ಪನ ಅಗ್ರಹಾರ ಕಾರಾಗೃಹದಲ್ಲಿ ತಮಿಳುನಾಡಿನ ರಾಜಕಾರಣಿ ವಿ. ಕೆ. ಶಶಿಕಲಾ ಅವರಿಗೆ ವಿಶೇಷ ಸೌಲಭ್ಯ ಸಿಗುತ್ತಿದೆಯೆಂದು 2017ರ ಜುಲೈನಲ್ಲಿ ವರದಿ ಕೊಟ್ಟು ಸುದ್ದಿಯಾಗಿದ್ದ ಪೊಲೀಸ್ ಅಧಿಕಾರಿ ಡಿ. ರೂಪಾ, 2018ರ ಮಾರ್ಚ್‌ನಲ್ಲಿ ಸರ್ಕಾರಿ ಅಧಿಕಾರಿ ವಿಭಾಗದ ಈ ಪ್ರಶಸ್ತಿ ಬೇಡವೆಂದು ಪ್ರತಿಷ್ಠಾನಕ್ಕೆ ಪತ್ರ ಬರೆದರು. ದೊಡ್ಡ ಮೊತ್ತದ ನಗದು ಬಹುಮಾನಕ್ಕೆ ಮನಸ್ಸಾಕ್ಷಿ ಒಪ್ಪದು, ರಾಜಕೀಯದ ಸೋಂಕಿರುವ ಸಂಘಸಂಸ್ಥೆಗಳಿಂದ ಸರ್ಕಾರಿ ನೌಕರರು ಸಮಾನ ದೂರದಲ್ಲಿರಬೇಕು ಎಂಬುದು ಅವರ ನಿಲುವು. ಪ್ರತಿಷ್ಠಾನದ ಸ್ಥಾಪಕ ರಾಜೀವ್ ಚಂದ್ರಶೇಖರ್ ಅದೇ ತಿಂಗಳು ಬಿಜೆಪಿಯಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದರು. ಕರ್ನಾಟಕ ವಿಧಾನಸಭಾ ಚುನಾವಣೆಯೂ ಆ ವರ್ಷದ ಮೇ ತಿಂಗಳಲ್ಲಿತ್ತು; ಚುನಾವಣೆ ಹತ್ತಿರವಿರುವಾಗ ಈ ದೂರ ಇನ್ನಷ್ಟು ಮುಖ್ಯ ಎಂಬುದೂ ರೂಪಾ ಅವರ ವಾದವಾಗಿತ್ತು.