ಪದಗಳ ಜಾತಕ: ಲೊರೆಂಜೊ ವಲ್ಲನ ಒಂದು ಗ್ರಂಥ

ಇಟಲಿ ದೇಶದ ಪುನರುಜ್ಜೀವನವೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಮೊದಲು ಬರುವುವು ಚಿತ್ರಗಳು, ಶಿಲ್ಪಗಳು, ಮಹಾಸೌಧಗಳು. ಅವು ಕಣ್ಣಿಗೆ ಕಾಣುವ ವೈಭವಗಳಾದುದರಿಂದ ಇದು ಸಹಜವೇ ಸರಿ. ಆದರೆ ಆ ಯುಗದ ಮತ್ತೊಂದು ಸಾಧನೆ ಕಣ್ಣಿಗೆ ಬೀಳತಕ್ಕುದಲ್ಲ. ಹಳೆಯ ಬರಹವೊಂದು ಕೈಗೆ ಬಂದಾಗ, ಅದು ತಾನು ಹೇಳಿಕೊಳ್ಳುವ ಕಾಲದ್ದು ಅಹುದೋ ಅಲ್ಲವೋ ಎಂಬುದನ್ನು ಅದರ ಮಾತಿನಿಂದಲೇ ನಿರ್ಣಯಿಸುವ ವಿದ್ಯೆ ಆಗ ಬಲಗೊಂಡಿತು. ಆ ವಿದ್ಯೆಯ ಆಚಾರ್ಯರಲ್ಲಿ ಅಗ್ರಗಣ್ಯನು ಲೊರೆಂಜೊ ವಲ್ಲ. ಇತಿಹಾಸವನ್ನು ಓದತೊಡಗಿದ ತರುಣನು ಅರಸರ ವಂಶಾವಳಿಗಳಿಗಿಂತ ಮೊದಲು ಈತನ ವೃತ್ತಾಂತವನ್ನು ಓದುವುದು ಲೇಸು.

ವಲ್ಲನು ಕ್ರಿ.ಶ. ೧೪೦೭ರ ಸುಮಾರಿನಲ್ಲಿ ರೋಮ್ ನಗರದಲ್ಲಿ ಜನಿಸಿದನು. ಲ್ಯಾಟಿನ್ ಗ್ರೀಕ್ ಭಾಷೆಗಳೆರಡರಲ್ಲಿಯೂ ಪರಿಣತನಾಗಿ ಪಾವಿಯಾ ನಗರದಲ್ಲಿ ಅಲಂಕಾರಶಾಸ್ತ್ರವನ್ನು ಬೋಧಿಸುತ್ತಿದ್ದನು. ಅಲ್ಲಿಯ ಕಾನೂನು ಪಂಡಿತರು ಪೂಜ್ಯನೆಂದು ಭಾವಿಸಿದ್ದ ಬಾರ್ತೊಲೊ ಎಂಬ ಹಿಂದಿನ ವ್ಯಾಖ್ಯಾನಕಾರನ ಲ್ಯಾಟಿನ್ ಶೈಲಿಯನ್ನು ಖಂಡಿಸಿ, ಅವರ ಕೋಪಕ್ಕೆ ಗುರಿಯಾಗಿ, ೧೪೩೩ರಲ್ಲಿ ಆ ಊರನ್ನೇ ಬಿಟ್ಟನು. ಮುಂದೆ ಅರಗಾನಿನ ದೊರೆ ಅಲ್ಫೊನ್ಸೊವಿನ ಆಶ್ರಯವನ್ನು ಪಡೆದನು. ಭಾಷೆಯು ಒಂದೇ ಸಮನಾಗಿ ನಿಂತಿರುವುದಿಲ್ಲ, ಒಂದೊಂದು ಕಾಲಕ್ಕೆ ಒಂದೊಂದು ಬಳಕೆ ಎಂಬುದು ಅವನ ಪಾಂಡಿತ್ಯದ ತಿರುಳು. ಮನುಷ್ಯರಂತೆಯೇ ಪದಗಳಿಗೂ ಜಾತಕವುಂಟು. ಹುಟ್ಟಿದ ಕಾಲವೂ ದೇಶವೂ ಉಂಟು.

ಈ ತತ್ತ್ವವನ್ನು ಅವನು ಪ್ರಯೋಗಿಸಿದುದು ಸಾಮಾನ್ಯ ಪತ್ರವೊಂದರ ಮೇಲಲ್ಲ. 'ಕಾನ್‌ಸ್ಟಂಟೈನನ ದಾನ'ವೆಂದು ಪ್ರಸಿದ್ಧವಾಗಿದ್ದ ಶಾಸನದ ಮೇಲೆ. ನಾಲ್ಕನೆಯ ಶತಮಾನದ ಚಕ್ರವರ್ತಿಯಾದ ಕಾನ್‌ಸ್ಟಂಟೈನನು ಪೋಪ್ ಸಿಲ್ವೆಸ್ಟರನಿಂದ ದೀಕ್ಷಾಸ್ನಾನವನ್ನು ಪಡೆದು ಕುಷ್ಠರೋಗದಿಂದ ಮುಕ್ತನಾದನೆಂದೂ, ಆ ಕೃತಜ್ಞತೆಯಿಂದ ಲ್ಯಾಟೆರನ್ ಅರಮನೆಯನ್ನೂ ರೋಮ್ ನಗರವನ್ನೂ ಇಟಲಿಯನ್ನೂ ಪಶ್ಚಿಮದ ಪ್ರಾಂತಗಳನ್ನೂ ಪೋಪನಿಗೆ ಧಾರೆಯೆರೆದನೆಂದೂ ಅದರ ಒಕ್ಕಣೆ. ಹನ್ನೊಂದನೆಯ ಶತಮಾನದಿಂದ ಪೋಪರು ತಮ್ಮ ಅಧಿಕಾರಕ್ಕೆ ಇದನ್ನು ಪ್ರಮಾಣವಾಗಿ ತೋರಿಸುತ್ತ ಬಂದರು. ಮಹಾಕವಿ ದಾಂತೆಯು ಈ ದಾನದಿಂದ ಅನರ್ಥವಾಯಿತೆಂದು ಮರುಗಿದನೇ ಹೊರತು, ದಾನವೇ ನಡೆಯಲಿಲ್ಲವೆಂದು ಶಂಕಿಸಲಿಲ್ಲ. ಕೂಸಾದ ನಿಕೊಲಾಸನೆಂಬ ಜರ್ಮನ್ ವಿದ್ವಾಂಸನು ೧೪೩೩ರಲ್ಲಿ ಸಂಶಯವನ್ನು ವ್ಯಕ್ತಪಡಿಸಿದ್ದನು. ಆ ಸಂಶಯವನ್ನು ಪದಪದದ ಪರೀಕ್ಷೆಯಿಂದ ನಿರ್ಣಯದವರೆಗೆ ಕೊಂಡೊಯ್ದವನು ವಲ್ಲ. ಅವನ ಗ್ರಂಥವು ೧೪೪೦ರಲ್ಲಿ ರಚಿತವಾಯಿತು.

ಅವನ ವಾದಸರಣಿಯನ್ನು ನೋಡಿರಿ. ಶಾಸನದಲ್ಲಿ ರೋಮಿನ ಪ್ರಮುಖರೊಡನೆ 'ಸಾತ್ರಪ'ರೆಂಬವರು ಬರುತ್ತಾರೆ. ಆ ಪದವು ಪಾರಸಿಕ ದೇಶದ ಅಧಿಕಾರಿಗಳಿಗೆ ಸಲ್ಲತಕ್ಕುದು. ರೋಮಿನ ಆಡಳಿತದಲ್ಲಿ ಅಂತಹವರನ್ನು ಕಂಡವರು ಯಾರು? ಚಕ್ರವರ್ತಿಯ 'ಡಯಾಡೆಮ್' ಎಂದರೆ ಆ ಕಾಲದಲ್ಲಿ ಬಟ್ಟೆಯ ತಲೆಪಟ್ಟಿ. ಶಾಸನಕಾರನೋ ಅದನ್ನು ಚಿನ್ನದ ರತ್ನಖಚಿತ ಕಿರೀಟವೆಂದು ತಿಳಿದಿದ್ದಾನೆ. ಕಾನ್‌ಸ್ಟಂಟಿನೋಪಲ್ ನಗರವು ಪ್ರತಿಷ್ಠಿತವಾದುದು ೩೩೦ರಲ್ಲಿ. ಬೈಜಾಂಟಿಯಮ್ಮಿನಲ್ಲಿ ತನ್ನ ಹೆಸರಿನ ನಗರವನ್ನು ಇನ್ನು ಮುಂದೆ ಕಟ್ಟಿಸುವುದಾಗಿ ಹೇಳುವ ಶಾಸನವೇ, ಅದೇ ನಗರವನ್ನು ಆಗಲೇ ಮಹಾಧರ್ಮಪೀಠಗಳಲ್ಲಿ ಒಂದೆಂದು ಎಣಿಸುತ್ತದೆ! ಮಗು ಹುಟ್ಟುವ ಮೊದಲೇ ಪಟ್ಟ ಕಟ್ಟಿದಂತಾಯಿತು. ಸಿಲ್ವೆಸ್ಟರನು ರಾಜ್ಯವಾಳಿದುದಕ್ಕೆ ಒಂದು ನಾಣ್ಯವಿಲ್ಲ, ಸಮಕಾಲೀನ ಚರಿತ್ರೆಕಾರನ ಒಂದು ಮಾತಿಲ್ಲ. ಆದಕಾರಣ ಇದು ಬಹುಕಾಲದ ಮೇಲೆ ಅಲ್ಪಜ್ಞನೊಬ್ಬನು ಹೊಸೆದ ಕೂಟಶಾಸನವೆಂದು ವಲ್ಲನು ಸಾರಿದನು. ಅದು ಎಂಟನೆಯ ಶತಮಾನದ ಸೃಷ್ಟಿಯೆಂಬುದು ವಿದ್ವಾಂಸರಲ್ಲಿ ಪ್ರಬಲವಾದ ಅಭಿಪ್ರಾಯ.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಆಗ ಅಲ್ಫೊನ್ಸೊವು ನೇಪಲ್ಸ್ ರಾಜ್ಯಕ್ಕಾಗಿ ಹೋರಾಡುತ್ತಿದ್ದನು. ಪೋಪ್ ನಾಲ್ಕನೆಯ ಯೂಜಿನಿಯಸನು ಅವನ ಪ್ರತಿಸ್ಪರ್ಧಿಯ ಪಕ್ಷವನ್ನು ಹಿಡಿದಿದ್ದನು. ಹಾಗಾದರೆ ಇದು ದೊರೆಯ ಅನ್ನದ ಋಣಕ್ಕೆ ಬರೆದ ಗ್ರಂಥವಲ್ಲವೇ? ದೊರೆಗೆ ಅದರಿಂದ ಪ್ರಯೋಜನವಿದ್ದುದು ನಿಜ. ಆದರೆ ಬರೆದವನ ಉದ್ದೇಶ ಬೇರೆ, ಬರೆದುದರ ಸತ್ಯ ಬೇರೆ. ಸಾತ್ರಪರು ರೋಮಿನಲ್ಲಿ ಇರಲಿಲ್ಲವೆಂಬುದು ಅಲ್ಫೊನ್ಸೊವಿನ ಮಿತ್ರರಿಗೆ ಎಷ್ಟು ನಿಜವೋ ಶತ್ರುಗಳಿಗೂ ಅಷ್ಟೇ ನಿಜ. ಉದ್ದೇಶವನ್ನು ಹಳಿದು ಪ್ರಮಾಣವನ್ನು ತಳ್ಳಿಹಾಕುವುದು ಸುಲಭ. ಪ್ರಮಾಣಕ್ಕೆ ಪ್ರಮಾಣವನ್ನೇ ಎದುರೊಡ್ಡುವುದು ಕಷ್ಟ.

ಮುಂದಿನ ಚರಿತ್ರೆ ಇದನ್ನೇ ಸಮರ್ಥಿಸುತ್ತದೆ. ೧೪೪೪ರಲ್ಲಿ ನೇಪಲ್ಸಿನ ಧರ್ಮವಿಚಾರಕರು ವಲ್ಲನ ಅಭಿಪ್ರಾಯಗಳನ್ನು ವಿಚಾರಣೆಗೆ ಗುರಿಪಡಿಸಿದಾಗ ದೊರೆಯ ರಕ್ಷಣೆಯಿಂದ ಅವನು ಉಳಿದುಕೊಂಡನು. ೧೪೪೮ರಲ್ಲಿ ಅವನು ರೋಮಿಗೆ ಮರಳಲು, ವಿದ್ಯಾಪಕ್ಷಪಾತಿಯಾದ ಪೋಪ್ ಐದನೆಯ ನಿಕೊಲಾಸನು ಅವನಿಗೆ ತನ್ನ ಕಾರ್ಯಾಲಯದಲ್ಲಿಯೇ ಸ್ಥಾನವನ್ನು ಕೊಟ್ಟು ಥುಸಿಡಿಡೀಸನ ಇತಿಹಾಸವನ್ನು ಲ್ಯಾಟಿನ್ನಿಗೆ ತರಿಸಿದನು. ವಲ್ಲನು ೧೪೫೭ರಲ್ಲಿ ಕಾಲವಾದನು. ಹೊಸ ಒಡಂಬಡಿಕೆಯ ಲ್ಯಾಟಿನ್ ಪಾಠವನ್ನು ಗ್ರೀಕ್ ಮೂಲದೊಡನೆ ಹೋಲಿಸಿ ಅವನು ಬರೆದಿಟ್ಟ ಟಿಪ್ಪಣಿಗಳನ್ನು ಇರಾಸ್ಮಸನು ೧೫೦೫ರಲ್ಲಿ ಅಚ್ಚುಮಾಡಿಸಿದನು. ದಾನಪತ್ರದ ಗ್ರಂಥವನ್ನು ಜರ್ಮನ್ ದೇಶದ ಹುಟ್ಟೆನನು ಮುದ್ರಿಸಲು, ೧೫೨೦ರಲ್ಲಿ ಅದನ್ನು ಓದಿದ ಲೂಥರನು ಕ್ಷುಬ್ಧನಾದನು. ಆ ಶತಮಾನವು ಮುಗಿಯುವುದರೊಳಗೆ ಪೋಪರ ಪಕ್ಷದ ಮಹಾ ಚರಿತ್ರೆಕಾರ ಬರೋನಿಯಸನೇ ಆ ಪತ್ರವು ಕೃತಕವೆಂದು ಒಪ್ಪಿಕೊಂಡನು.

ಇದು ದೂರದೇಶದ ಕಥೆಯಾದರೂ ಈ ಪರೀಕ್ಷೆ ನಮ್ಮ ನಾಡಿಗೂ ಬಂದಿದೆ. ತಲಕಾಡಿನ ಗಂಗರ ಹೆಸರಿನಲ್ಲಿ ದೊರೆತ ತಾಮ್ರಪಟಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟ್ ಮಹಾಶಯರು ಲಿಪಿ, ಭಾಷೆ, ತಿಥಿಗಳ ಆಧಾರದಿಂದ ವಾದಿಸಿದರು. 'ಎಪಿಗ್ರಾಫಿಯಾ ಕರ್ನಾಟಿಕಾ'ದ ಸಂಪಾದಕರಾದ ರೈಸ್ ಮಹಾಶಯರು ಅದನ್ನು ಒಪ್ಪದೆ ಪ್ರತಿವಾದಿಸಿದರು. ಆ ವಾಗ್ವಾದದಿಂದ ಗಂಗರ ಕೀರ್ತಿಗೆ ಕುಂದು ಬರಲಿಲ್ಲ. ಪಟಗಳನ್ನು ಒಂದೊಂದಾಗಿ ಒರೆಗೆ ಹಚ್ಚುವ ಅಭ್ಯಾಸ ನಮ್ಮ ವಿದ್ವಾಂಸರಲ್ಲಿ ಬೇರೂರಿತು. ಚಿನ್ನವು ಒರೆಗಲ್ಲಿಗೆ ಅಂಜುವುದಿಲ್ಲವಷ್ಟೆ.

ನಮ್ಮ ಊರುಗಳ ದೇವಸ್ಥಾನಗಳಲ್ಲಿಯೂ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿಯೂ ಕಡತಗಳೂ ಓಲೆಗಳೂ ಇನ್ನೂ ಇವೆ. ಅವುಗಳಲ್ಲಿ ನಮ್ಮ ಮನೆತನವನ್ನು ಹೊಗಳುವ ಓಲೆ ದೊರೆತಾಗಲೇ ಈ ವಿದ್ಯೆಯ ಅಗತ್ಯ ಹೆಚ್ಚು. ಪರರ ಶಾಸನವನ್ನು ಶಂಕಿಸಲು ಪಾಂಡಿತ್ಯವು ಸಾಕು. ನಮ್ಮದನ್ನು ಶಂಕಿಸಲು ಧೈರ್ಯವೂ ಬೇಕು. ಆ ಓಲೆಯನ್ನು ಮುದ್ರಣಕ್ಕೆ ಕಳುಹುವ ಮೊದಲು ಅದರ ಪದಗಳ ಜಾತಕವನ್ನು ಒಮ್ಮೆ ನೋಡುವುದು ನಾವು ಸತ್ಯಕ್ಕೂ ಸಲ್ಲಿಸಬೇಕಾದ, ಪೂರ್ವಿಕರಿಗೂ ಸಲ್ಲಿಸಬೇಕಾದ ಗೌರವ.