ಕೊಳಚೆ ಕೆಸರಿನ ಭೌತಿಕ ಗುಣಗಳು: ಅಧ್ಯಯನ ಮತ್ತು ಬಳಕೆಯ ಇತಿಹಾಸ

ಊರಿನ ಕೊಳಚೆ ನೀರನ್ನಾಗಲಿ, ಕಾರ್ಖಾನೆ ಮತ್ತು ತೋಟಗಳ ತ್ಯಾಜ್ಯ ನೀರನ್ನಾಗಲಿ ಸಂಸ್ಕರಿಸುವಾಗ ತಳಕ್ಕಿಳಿದು ಅಥವಾ ಮೇಲೆ ತೇಲಿ ಬೇರ್ಪಡುವ, ಘನಕಣಗಳೂ ನೀರೂ ಬೆರೆತ ಅರೆದ್ರವ ಪದಾರ್ಥಕ್ಕೆ ಕೆಸರು ಅಥವಾ ಸ್ಲಡ್ಜ್ ಎನ್ನುತ್ತಾರೆ. ಅದು ಎಷ್ಟು ಬೇಗ ತಂಗುತ್ತದೆ, ಕೊಳವೆಯಲ್ಲಿ ಹೇಗೆ ಹರಿಯುತ್ತದೆ, ಒಳಗಿನ ನೀರನ್ನು ಎಷ್ಟು ಸುಲಭವಾಗಿ ಬಿಟ್ಟುಕೊಡುತ್ತದೆ ಎಂಬ ಭೌತಿಕ ಗುಣಗಳು ಸಂಸ್ಕರಣಾ ಘಟಕದ ಗಾತ್ರವನ್ನೂ ವೆಚ್ಚವನ್ನೂ ಬಹುಮಟ್ಟಿಗೆ ನಿರ್ಧರಿಸುತ್ತವೆ. ಶೇ 1ರಷ್ಟು ಘನಾಂಶವುಳ್ಳ 100 ಲೀಟರ್ ಕೆಸರನ್ನು ಶೇ 2ಕ್ಕೆ ಗಟ್ಟಿಗೊಳಿಸಿದರೆ ಉಳಿಯುವುದು ಸುಮಾರು 50 ಲೀಟರ್, ಶೇ 5ಕ್ಕೆ ಏರಿಸಿದರೆ ಸುಮಾರು 20 ಲೀಟರ್. ನೋಡಲು ಅತ್ಯಲ್ಪವೆನಿಸುವ ಈ ವ್ಯತ್ಯಾಸದಿಂದ ತೊಟ್ಟಿ, ಪಂಪು, ಸಾಗಣೆಯ ಲಾರಿ ಎಲ್ಲದರ ಲೆಕ್ಕವೂ ಬದಲಾಗುತ್ತದೆ.

ಈ ಅಧ್ಯಯನದ ಆಧುನಿಕ ಘಟ್ಟ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆರಂಭವಾಯಿತು. ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಕೊಳಚೆ ನೀರಿಗೆ ಗಾಳಿಯೂದಿ, ತಂಗಿದ ಕೆಸರನ್ನು ಹೊರಗೆಸೆಯದೆ ಮುಂದಿನ ಸುತ್ತಿನ ಕೊಳಚೆಗೆ ಬೆರೆಸುತ್ತ ಹೋದಾಗ, ಶುದ್ಧೀಕರಣಕ್ಕೆ ಹಿಡಿಯುತ್ತಿದ್ದ ಅವಧಿ ಗಂಟೆಗಳಿಗೆ ಇಳಿಯಿತು. 1914ರಲ್ಲಿ ಪ್ರಕಟವಾದ ಈ ವಿಧಾನ 'ಸಕ್ರಿಯ ಕೆಸರು' ಪದ್ಧತಿಯೆಂದು ಜಗತ್ತಿನಾದ್ಯಂತ ಹರಡಿತು. ಇವರಿಗೆ ಮಾರ್ಗದರ್ಶನ ನೀಡಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು, 1921ರಲ್ಲಿ ಅಲ್ಲಿ ಆರಂಭವಾದ ಜೀವರಸಾಯನ ವಿಭಾಗದ ಮೊದಲ ಮುಖ್ಯಸ್ಥರಾದರು. ಹೀಗಾಗಿ ಒಂದು ಹೊಸ ವಿದ್ಯೆ ಹುಟ್ಟಿದ ಎರಡೇ ವರ್ಷಗಳಲ್ಲಿ, ಅದರ ಮೂಲಪುರುಷರಲ್ಲೊಬ್ಬರ ಮೂಲಕವೇ ಕರ್ನಾಟಕದ ನೆಲಕ್ಕೆ ಬಂದಿತು. ನಮ್ಮ ವಿಜ್ಞಾನ ಚರಿತ್ರೆಯಲ್ಲಿ ಈ ಸಂಗತಿಗೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ.

ಸಕ್ರಿಯ ಕೆಸರಿನ ಪ್ರಾಣವಿರುವುದು ಅದರ ಕುಚ್ಚುಗಳಲ್ಲಿ, ಅಂದರೆ ಬ್ಯಾಕ್ಟೀರಿಯಾಗಳು ತಾವೇ ಸ್ರವಿಸಿದ ಅಂಟಿನಿಂದ ಒಂದಕ್ಕೊಂದು ಹತ್ತಿಕೊಂಡು ರೂಪಿಸುವ ಸಣ್ಣ ಗುಂಪುಗಳಲ್ಲಿ. ಕುಚ್ಚು ಬಿಗಿಯಾಗಿದ್ದರೆ ಕೆಸರು ಬೇಗ ತಂಗಿ ಮೇಲೆ ತಿಳಿನೀರು ಉಳಿಯುತ್ತದೆ. ದಾರದಂಥ ಬ್ಯಾಕ್ಟೀರಿಯಾಗಳು ಮಿತಿಮೀರಿ ಬೆಳೆದರೆ ಅದೇ ಕೆಸರು ಉಬ್ಬಿ, ತಂಗದೆ, ಶುದ್ಧಗೊಂಡ ನೀರಿನೊಡನೆ ಕೊಚ್ಚಿಹೋಗುತ್ತದೆ. ಬೆಂಗಳೂರಿನ ಇದೇ ಸಂಸ್ಥೆಯ ಎಸ್. ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ 1942ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಕೆಸರಿನಲ್ಲಿ ನೆಲೆಸುವ ಪ್ರೋಟೊಜೋವಾಗಳಿಗೆ, ಅಂದರೆ ಏಕಕೋಶ ಜೀವಿಗಳಿಗೆ, ಈ ಕ್ರಿಯೆಯಲ್ಲಿ ಮಹತ್ವದ ಪಾತ್ರವಿದೆಯೆಂದು ವಾದಿಸಿದರು. ಕುಚ್ಚು ಕಟ್ಟುವ ಕೆಲಸದಲ್ಲಿ ಬ್ಯಾಕ್ಟೀರಿಯಾಗಳದೇ ಮುಖ್ಯ ಪಾತ್ರವೆಂಬ ಅಭಿಪ್ರಾಯ ಮುಂದೆ ಬಲಗೊಂಡಿತಾದರೂ, ನೀರಿನಲ್ಲಿ ಬಿಡಿಯಾಗಿ ಅಲೆಯುವ ಬ್ಯಾಕ್ಟೀರಿಯಾಗಳನ್ನು ತಿಂದು ನೀರನ್ನು ತಿಳಿಯಾಗಿಸುವಲ್ಲಿ ಪ್ರೋಟೊಜೋವಾಗಳ ಪಾಲನ್ನು ನಂತರದ ಪ್ರಯೋಗಗಳು ಎತ್ತಿಹಿಡಿದವು.

ಕೆಸರಿನ ಈ ಗುಣಗಳನ್ನು ಅಳೆಯುವ ವಿಧಾನಗಳು ಬೇರೆಡೆ ರೂಪುಗೊಂಡವು. ಅಮೆರಿಕದ ಮೋಲ್‌ಮನ್ 1934ರಲ್ಲಿ ಸೂಚಿಸಿದ ಕೆಸರು ಗಾತ್ರ ಸೂಚ್ಯಂಕವು, 30 ನಿಮಿಷ ತಂಗಿದ ಮೇಲೆ ಒಂದು ಗ್ರಾಂ ಘನಾಂಶ ಎಷ್ಟು ಮಿಲಿಲೀಟರ್ ಜಾಗ ಹಿಡಿಯುತ್ತದೆ ಎಂಬುದನ್ನು ಹೇಳುತ್ತದೆ. ಅದು ಸುಮಾರು 100ರೊಳಗಿದ್ದರೆ ಕೆಸರು ಚೆನ್ನಾಗಿ ತಂಗುತ್ತದೆಂದೂ 150 ದಾಟಿದರೆ ಉಬ್ಬುವ ಲಕ್ಷಣವಿದೆಯೆಂದೂ ತಿಳಿಯುತ್ತಾರೆ. ಗಟ್ಟಿ ಕೆಸರು ನೀರಿನಂತೆ ಹರಿಯುವುದಿಲ್ಲವೆಂದೂ, ಒಂದು ಮಿತಿಯ ಒತ್ತಡ ಬೀಳುವತನಕ ಅಲುಗದೆ ನಿಲ್ಲುತ್ತದೆಂದೂ 1939ರಲ್ಲಿ ಬ್ಯಾಬಿಟ್ ಮತ್ತು ಕಾಲ್ಡ್‌ವೆಲ್ ತೋರಿಸಿದ್ದು ಪಂಪು, ಕೊಳವೆಗಳ ಆಯ್ಕೆಗೆ ನೆರವಾಯಿತು. ಸೋಸುವಿಕೆಗೆ ಕೆಸರು ಒಡ್ಡುವ ಪ್ರತಿರೋಧವನ್ನು ಅಳೆಯುವ ವಿಧಾನ 1950ರ ದಶಕದಲ್ಲಿ ಬಳಕೆಗೆ ಬಂದಿತು.

ಕರ್ನಾಟಕದ ಸಣ್ಣ ಊರುಗಳ ಸಮಸ್ಯೆ ಬೇರೆ. ಒಳಚರಂಡಿಯಿಲ್ಲದ ಕಡೆ ಶೌಚಗುಂಡಿಯ ಕೆಸರನ್ನು ಸಕ್ಕಿಂಗ್ ಯಂತ್ರದಿಂದ ಎತ್ತಿ ಎಲ್ಲೋ ಸುರಿಯುವ ರೂಢಿಗೆ ಪರ್ಯಾಯವಾಗಿ, 2015ರಲ್ಲಿ ದೇವನಹಳ್ಳಿಯಲ್ಲಿ ದಿನಕ್ಕೆ 6 ಘನ ಮೀಟರ್ ಸಾಮರ್ಥ್ಯದ ಮಲತ್ಯಾಜ್ಯ ಸಂಸ್ಕರಣಾ ಘಟಕ ಆರಂಭವಾಯಿತು. ಸಿಡಿಡಿ ಸೊಸೈಟಿ ಎಂಬ ಸಂಸ್ಥೆ ರೂಪಿಸಿದ ಇದು ಊರಿನ ಮಟ್ಟದಲ್ಲಿ ದೇಶದ ಮೊದಲ ಪ್ರಯತ್ನ. ಇಲ್ಲಿ ಕೆಸರಿನ ಗಟ್ಟಿಭಾಗವನ್ನು ತಂಗಿಸಿ, ಒಣಗಿಸುವ ಹಾಸುಗಳ ಮೇಲೆ ಹರಡುತ್ತಾರೆ. ಬಿಡಿನೀರು ಹಾಸಿನ ಮೂಲಕ ಬಸಿದುಹೋಗುತ್ತದೆ, ಕಣಗಳ ನಡುವೆ ಸಿಕ್ಕಿಕೊಂಡ ನೀರು ಬಿಸಿಲಿಗೆ ಆರಬೇಕಾಗುತ್ತದೆ. ವರ್ಷಗಟ್ಟಲೆ ಗುಂಡಿಯಲ್ಲಿ ಕೊಳೆತ ಕೆಸರು ಸಾಮಾನ್ಯವಾಗಿ ಬೇಗ ಬಸಿಯುತ್ತದೆ, ಸಾರ್ವಜನಿಕ ಶೌಚಾಲಯದ ಹಸಿ ಕೆಸರು ನೀರನ್ನು ಬಿಡಲೊಲ್ಲದು.

ಹಾಸಿನ ಯಶಸ್ಸು ಹವೆಯನ್ನೂ ಅವಲಂಬಿಸಿದೆ. ಚಿಕ್ಕಮಗಳೂರು ಜಿಲ್ಲೆ ಇದಕ್ಕೆ ಒಳ್ಳೆಯ ನಿದರ್ಶನ: ಕಡೂರು, ಅಜ್ಜಂಪುರದ ಬಯಲುಸೀಮೆಯಲ್ಲಿ ವರ್ಷದ ಹೆಚ್ಚಿನ ತಿಂಗಳು ಬಿಸಿಲನ್ನು ನಂಬಬಹುದು, ಆದರೆ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ, ಹೆಬ್ಬೆಯ ಗಿರಿಸಾಲಿನಲ್ಲಿ ಮುಂಗಾರಿನ ತಿಂಗಳುಗಳಲ್ಲಿ ತೆರೆದ ಹಾಸು ಒಣಗುವುದಿಲ್ಲ. ಇಲ್ಲಿ ಇನ್ನೊಂದು ಬಗೆಯ ಕೆಸರೂ ಇದೆ: ಈ ಮಲೆನಾಡಿನ ಕಾಫಿ ತೋಟಗಳಲ್ಲಿ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಸುಲಿದು ಬೀಜ ತೊಳೆದಾಗ ಬರುವ ನೀರಿನಲ್ಲಿ ಸಕ್ಕರೆಯೂ ಪೆಕ್ಟಿನ್ ಎಂಬ ಲೋಳೆಯೂ ಇರುತ್ತವೆ. ಸಕ್ಕರೆ ಹುಳಿತು ನೀರು ಆಮ್ಲೀಯವಾದಂತೆ ಪೆಕ್ಟಿನ್ ಹೆಪ್ಪುಗಟ್ಟಿ ಮೇಲೆ ದಪ್ಪ ಕೆನೆಯಾಗಿ ನಿಲ್ಲುತ್ತದೆ. ತಳದಲ್ಲಿ ತಂಗುವ ಕೆಸರಿಗಾಗಿ ರೂಪಿಸಿದ ತೊಟ್ಟಿ ಇಲ್ಲಿ ಸಾಲದು, ಮೇಲಿನ ಕೆನೆಯನ್ನು ತೆಗೆಯುವ ಏರ್ಪಾಡೂ ಹುಳಿಯನ್ನು ತಗ್ಗಿಸಲು ಸುಣ್ಣವೂ ಬೇಕು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ರೋಬಸ್ಟಾ ಕೊಯ್ಲು ಜನವರಿಯಿಂದ ಆರಂಭವಾಗುವುದರಿಂದ ಈ ಕೆಸರು ಬಿಸಿಲಿನ ತಿಂಗಳುಗಳಲ್ಲೇ ಹುಟ್ಟುತ್ತದೆ. ಊರಿನ ಶೌಚಗುಂಡಿಗಳು ಮಾತ್ರ ಮಳೆಗಾಲದಲ್ಲೂ ತುಂಬುತ್ತವೆ. ಆದ್ದರಿಂದ ಬಯಲುಸೀಮೆಗೆ ಒಪ್ಪುವ ಘಟಕದ ನಕ್ಷೆಯನ್ನು ಮಲೆನಾಡಿಗೆ ಒಯ್ಯುವಾಗ ಹಾಸುಗಳಿಗೆ ಮಾಡು ಹೊದಿಸುವುದು ಅಥವಾ ಮಳೆ ನಿಲ್ಲುವವರೆಗೆ ಕೆಸರನ್ನು ಹಿಡಿದಿಡುವಷ್ಟು ದೊಡ್ಡ ತೊಟ್ಟಿ ಕಟ್ಟುವುದು ಅನಿವಾರ್ಯ.